ರಾಜಿಂದರ್ ನಗರದಲ್ಲಿ ಬಾತುಮೊಟ್ಟೆಗೆ ಕಾವು

ಓಲ್ಡ್ ರಾಜಿಂದರ್ ನಗರ ಅಂದರೆ ನಮ್ಮ ಕಡೆಯವರಿಗೆ ಯುಪಿಎಸ್‌ಸಿ. ಕರೋಲ್ ಬಾಗ್ ಮೆಟ್ರೋದಲ್ಲಿ ಇಳಿದು ಸ್ವಲ್ಪ ದೂರ ನಡೆದರೆ ಸಾಕು, ಕೋಚಿಂಗ್ ಬೋರ್ಡುಗಳು, ನೋಟ್ಸ್ ಮಾರುವ ಅಂಗಡಿಗಳು, ಬೆನ್ನಿಗೆ ಚೀಲ ಹಾಕಿದ ಹುಡುಗ ಹುಡುಗಿಯರು. ದೇಶ ಇಬ್ಭಾಗವಾದಾಗ ಪಶ್ಚಿಮ ಪಂಜಾಬಿನಿಂದ ಬಂದ ನಿರಾಶ್ರಿತರು ನೆಲೆ ಕಂಡುಕೊಂಡ ಬಡಾವಣೆ ಇದು. ಅಂದಿನ ಸಣ್ಣ ಸೈಟುಗಳ ಮೇಲೆ ಇಂದು ಮಹಡಿ ಮೇಲೆ ಮಹಡಿ. ಗಲ್ಲಿಯಲ್ಲಿ ನಿಂತು ತಲೆಯೆತ್ತಿದರೆ ಆಕಾಶಕ್ಕಿಂತ ಕರೆಂಟಿನ ತಂತಿಯೇ ಹೆಚ್ಚು. ಇಂಥ ಕಡೆ, ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ, ನಾನು ಎರಡು ಸಲ ಬಾತುಕೋಳಿ ಮೊಟ್ಟೆ ಮರಿ ಮಾಡಿಸಿದ್ದೇನೆ. ದಿಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ಇಲ್ಲಿನ ಗಾಳಿ ಎಂಥದ್ದು ಅಂತ ನನಗೆ ಸರಿಯಾಗಿ ಗೊತ್ತಾದದ್ದು ಆ ಮೊಟ್ಟೆಗಳಿಂದ.

ಮೊಟ್ಟೆ ಬಂದದ್ದು ನಜಫ್‌ಗಢದ ಆಚೆ ಸಣ್ಣ ತೋಟ ಮಾಡಿಕೊಂಡಿರುವ ಹಳೆಯ ಸಹೋದ್ಯೋಗಿಯಿಂದ. ಅವರ ಹೊಂಡದಲ್ಲಿರುವುದು ಖಾಕಿ ಕ್ಯಾಂಪ್‌ಬೆಲ್ ಜಾತಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಅಡೆಲ್ ಕ್ಯಾಂಪ್‌ಬೆಲ್ ಎಂಬಾಕೆ ಮೊಟ್ಟೆಗಾಗಿಯೇ ಬೆಳೆಸಿದ ತಳಿ ಅದು. ಬೆಂಗಳೂರಿನವರು ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಸಂಸ್ಥೆಯಲ್ಲಿ ನೋಡಿರಬಹುದು. ಮೊಟ್ಟೆ ಧಾರಾಳ, ಕಾವಿಗೆ ಕೂರುವ ಬುದ್ಧಿ ಮಾತ್ರ ಕಡಿಮೆ. ನಮ್ಮೂರು ಕುಂದಾಪುರದ ಕಡೆಯಾಗಿದ್ದರೆ ಕಾವಿಗೆ ಬಂದ ಊರುಕೋಳಿಯ ಅಡಿಗೆ ಇಟ್ಟು ಸುಮ್ಮನಾಗುತ್ತಿದ್ದರು. ಗೆಳೆಯರ ತೋಟದಲ್ಲಿ ಕೋಳಿ ಇಲ್ಲ, ಕರೆಂಟಿನ ಭರವಸೆಯೂ ಇಲ್ಲ. ನನಗೆ ಇನ್ವರ್ಟರ್ ಇದೆ, ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ. ಹನ್ನೆರಡು ಮೊಟ್ಟೆ ಹಿಡಿಸುವ, ಒಳಗೆ ಫ್ಯಾನ್ ಇರುವ ಥರ್ಮಾಕೋಲ್ ಇನ್‌ಕ್ಯುಬೇಟರ್ ತರಿಸಿದೆ.

ಉಷ್ಣತೆ ಸುಲಭ. 37.5 ಡಿಗ್ರಿಗೆ ಇಟ್ಟರೆ ಯಂತ್ರ ತಾನೇ ನೋಡಿಕೊಳ್ಳುತ್ತದೆ. ಕಷ್ಟ ಇರುವುದು ತೇವಾಂಶದಲ್ಲಿ. ಬಾತುಮೊಟ್ಟೆಗೆ 28 ದಿನ ಬೇಕು. ಮೊದಲ 25 ದಿನ ಸುಮಾರು 55 ಶೇಕಡಾ, ಕೊನೆಯ ಮೂರು ದಿನ 70ರ ಮೇಲೆ ಅನ್ನುವುದು ಸಾಮಾನ್ಯ ಲೆಕ್ಕ. ಮೊಟ್ಟೆಯ ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ನೀರಿನಂಶ ನಿಧಾನವಾಗಿ ಹೊರಹೋಗಬೇಕು, ಹೋದಷ್ಟು ಜಾಗದಲ್ಲಿ ಗಾಳಿಚೀಲ ದೊಡ್ಡದಾಗಬೇಕು. ಮರಿ ಮೊದಲ ಉಸಿರೆಳೆಯುವುದು ಆ ಚೀಲದಿಂದ. ನೀರು ಹೆಚ್ಚು ಹೋದರೆ ಒಳಪೊರೆ ಒಣಗಿ ಮರಿಯ ಮೈಗೆ ಅಂಟಿಕೊಳ್ಳುತ್ತದೆ. ಕಡಿಮೆ ಹೋದರೆ ಗಾಳಿಗೆ ಜಾಗವೇ ಇಲ್ಲದೆ ಮರಿ ಒಳಗೇ ಮುಳುಗುತ್ತದೆ.

ಇನ್‌ಕ್ಯುಬೇಟರ್ ಜೊತೆ ಬಂದ ಕಾಗದದಲ್ಲಿ 'ಒಂದು ತಟ್ಟೆ ನೀರು ತುಂಬಿಸಿ' ಅಂತಿತ್ತು. ಯಾವ ಊರಲ್ಲಿ, ಯಾವ ತಿಂಗಳಲ್ಲಿ ಅಂತ ಇರಲಿಲ್ಲ. ಪೆಟ್ಟಿಗೆ ಒಳಗೆಳೆದುಕೊಳ್ಳುವುದು ಕೋಣೆಯ ಗಾಳಿಯನ್ನೇ ಅಲ್ಲವೇ? ಮೇ ತಿಂಗಳ ಮಧ್ಯಾಹ್ನ ಲೂ ಬೀಸುವಾಗ ಹೊರಗೆ 42 ಡಿಗ್ರಿ, ತೇವಾಂಶ 15 ಶೇಕಡಾ ಇದೆ ಅನ್ನಿ. ಆ ಗಾಳಿ ಪೆಟ್ಟಿಗೆಯೊಳಗೆ 37.5ಕ್ಕೆ ಬಂದಾಗ ಸುಮಾರು 19 ಶೇಕಡಾ. ಜುಲೈಯಲ್ಲಿ 32 ಡಿಗ್ರಿ, 75 ಶೇಕಡಾ ಇದ್ದರೆ ಒಳಗೆ ಸುಮಾರು 55. ಅಂದರೆ ಒಂದು ಹನಿ ನೀರೂ ಬೇಡ! ಜನವರಿಯ ಮಂಜಂತೂ ದೊಡ್ಡ ಮೋಸ. ಹೊರಗೆ 10 ಡಿಗ್ರಿಯಲ್ಲಿ 90 ಶೇಕಡಾ ಇರುವ ಗಾಳಿ ಪೆಟ್ಟಿಗೆಯಲ್ಲಿ ಬೆಚ್ಚಗಾದಾಗ 17ಕ್ಕೆ ಇಳಿಯುತ್ತದೆ. ಕಿಟಕಿ ಗಾಜು ಒದ್ದೆಯಾಗಿದ್ದರೂ ತುಟಿ ಒಡೆಯುವುದು ಯಾಕೆ ಅಂತ ಆಗ ಹೊಳೆಯಿತು.

ಮೊದಲ ಸುತ್ತು ಮೇಯಲ್ಲಿ. ಕೋಣೆಯಲ್ಲಿ ಕೂಲರ್ ಓಡಿಸಿದೆ. ಎಸಿ ಗಾಳಿಯನ್ನು ಇನ್ನಷ್ಟು ಒಣಗಿಸುತ್ತದೆ, ಕೂಲರ್ ನೀರು ಕೊಡುತ್ತದೆ. ಪೆಟ್ಟಿಗೆಯೊಳಗೆ ಎರಡು ಅಗಲದ ತಟ್ಟೆ, ಒಂದರಲ್ಲಿ ನೀರಿಗೆ ಅರ್ಧ ಅದ್ದಿಟ್ಟ ಸ್ಪಾಂಜು. ತಟ್ಟೆಯ ಆಳ ಹೆಚ್ಚಿಸಿ ಪ್ರಯೋಜನವಿಲ್ಲ, ನೀರಿನ ಮೇಲ್ಮೈ ಅಗಲವಾಗಬೇಕು. ಅಗ್ಗದ ತೇವಾಂಶ ಮಾಪಕವನ್ನು ನಂಬುವ ಮೊದಲು ಉಪ್ಪಿನ ಪರೀಕ್ಷೆ ಮಾಡಿ: ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ನೀರು ಹಾಕಿ ಗಟ್ಟಿಯಾಗಿ ಕಲಸಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಎಂಟು ಹತ್ತು ಗಂಟೆ ಇಟ್ಟರೆ 75 ತೋರಿಸಬೇಕು. ನನ್ನದು 69 ತೋರಿಸಿತು. ಆರು ಕೂಡಿಸಿ ಓದಿಕೊಂಡೆ.

ಮಾಪಕಕ್ಕಿಂತ ನಂಬಿಕಸ್ತ ಅಡುಗೆಮನೆಯ ತಕ್ಕಡಿ. ಪ್ರತಿ ಮೊಟ್ಟೆಯ ಮೇಲೆ ಪೆನ್ಸಿಲ್‌ನಿಂದ ಸಂಖ್ಯೆ ಬರೆದು ವಾರಕ್ಕೊಮ್ಮೆ ತೂಗಿದೆ. 25ನೇ ದಿನಕ್ಕೆ ಸುಮಾರು 13 ಶೇಕಡಾ ತೂಕ ಇಳಿದಿರಬೇಕು. 70 ಗ್ರಾಂ ಮೊಟ್ಟೆ 61ಕ್ಕೆ ಬರಬೇಕು. ಬೇಗ ಇಳಿಯುತ್ತಿದ್ದರೆ ನೀರು ಹೆಚ್ಚು, ತಡವಾದರೆ ತಟ್ಟೆ ಹೊರಗೆ. ಆಫೀಸಿನ ಡ್ಯಾಶ್‌ಬೋರ್ಡುಗಳಲ್ಲಿ ಇಷ್ಟು ಪ್ರಾಮಾಣಿಕವಾದ ಗ್ರಾಫ್ ನಾನು ನೋಡಿಲ್ಲ.

ಇನ್ನು ಸ್ವಚ್ಛತೆ. ಕೆಳಗಿನ ಮಹಡಿಯ ಮಾಲಕಿ ಆಂಟೀಜಿ ಒಂದೇ ಷರತ್ತು ಹಾಕಿದ್ದರು: ವಾಸನೆ ಬಂದರೆ ಪೆಟ್ಟಿಗೆ ಬೀದಿಗೆ. ಬಾತುಕೋಳಿ ಕೆಸರಲ್ಲೇ ಮೊಟ್ಟೆ ಇಡುವ ಪ್ರಾಣಿ. ಕೊಳಕಾದದ್ದನ್ನು ಗೆಳೆಯರಲ್ಲೇ ಬಿಟ್ಟು, ಶುಭ್ರವಾದದ್ದನ್ನಷ್ಟೇ ಆರಿಸಿ ತಂದೆ. ಅಂಟಿದ ಚೂರುಪಾರು ಮಣ್ಣನ್ನು ಒಣ ಸ್ಕ್ರಬ್ಬರ್‌ನಿಂದ ಮೆಲ್ಲಗೆ ತೆಗೆದರೆ ಸಾಕು. ತಣ್ಣೀರಲ್ಲಿ ತೊಳೆಯಬಾರದು. ಚಿಪ್ಪಿನ ಮೇಲಿನ ರಕ್ಷಣೆಯ ಪದರ ಹೋಗುತ್ತದೆ, ಮೊಟ್ಟೆಯ ಒಳಭಾಗ ತಣಿದು ಕುಗ್ಗಿ ಹೊರಗಿನ ಕೊಳೆಯನ್ನು ರಂಧ್ರಗಳ ಮೂಲಕ ಎಳೆದುಕೊಳ್ಳುತ್ತದೆ. 37.5 ಡಿಗ್ರಿ ಮರಿಗೆ ಹೇಗೆ ಹಿತವೋ ಬ್ಯಾಕ್ಟೀರಿಯಾಕ್ಕೂ ಹಾಗೇ. ಕೆಟ್ಟ ಮೊಟ್ಟೆ ಒಳಗೆ ಒಡೆದರೆ ಉಳಿದವೂ ಹಾಳು. ಹಾಗಾಗಿ ಏಳನೇ ದಿನ ಟಾರ್ಚ್ ಹಿಡಿದು ನೋಡಿ, ರಕ್ತನಾಳ ಕಾಣದ್ದನ್ನು ತೆಗೆದೆ. ಆಮೇಲೂ ಆಗಾಗ ಮೂಸಿ ನೋಡುತ್ತಿದ್ದೆ. ತಟ್ಟೆಯ ನೀರನ್ನು ದಿನಾ ಬದಲಿಸಿ, ಕುದಿಸಿ ಆರಿಸಿದ್ದನ್ನೇ ಹಾಕಿದೆ. ಮುಟ್ಟುವ ಮುಂಚೆ, ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯುವುದು ನಮಗಾಗಿಯೂ ಹೌದು, ಬಾತುಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇರಬಹುದು.

ಗುರುಗ್ರಾಮದ ಆಫೀಸಿಗೆ ಹೋಗುವ ದಿನಗಳಲ್ಲಿ ಮೊಟ್ಟೆ ಹೊರಳಿಸುವವರು ಯಾರು? ಎದುರು ಕೋಣೆಯಲ್ಲಿ ಪರೀಕ್ಷೆಗೆ ಓದುವ ಕೊಪ್ಪಳದ ಹುಡುಗ ಮುಂದೆ ಬಂದ. "ಅಕ್ಕಾ, ರಾತ್ರಿ ಮೂರರತನಕ ಎದ್ದೇ ಇರ್ತೀನ್ರಿ, ನನಗ ಬಿಡ್ರಿ." ಎರಡನೇ ಸುತ್ತಿನಲ್ಲಿ, ಜುಲೈಯಲ್ಲಿ, ಅವನ ನೆರವು ನಿಜಕ್ಕೂ ಬೇಕಾಯಿತು. ನೀವು ಮರೆತಿರಲಾರಿರಿ, 2024ರ ಜುಲೈ 27ರಂದು ಇದೇ ಬಡಾವಣೆಯಲ್ಲಿ ಕೋಚಿಂಗ್ ಕೇಂದ್ರವೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ತೀರಿಕೊಂಡರು. ಈಗಲೂ ಜೋರು ಮಳೆ ಬಂದರೆ ಇಲ್ಲಿನ ಮಕ್ಕಳ ಮನೆಗಳಿಂದ ಫೋನು ಶುರು. ಆ ಸುತ್ತಿನ 19ನೇ ರಾತ್ರಿ ಗಲ್ಲಿಯಲ್ಲಿ ಮೊಣಕಾಲುದ್ದ ನೀರು, ಐದು ಗಂಟೆ ಕರೆಂಟಿಲ್ಲ, ನಾನು ಗುರುಗ್ರಾಮದಲ್ಲೇ ಸಿಕ್ಕಿಬಿದ್ದಿದ್ದೆ. ಹುಡುಗ ಫ್ಯಾನು ದೀಪ ಎಲ್ಲ ಆರಿಸಿ, ಇನ್ವರ್ಟರನ್ನು ಪೆಟ್ಟಿಗೆಯೊಂದಕ್ಕೇ ಉಳಿಸಿ, ಮೊಬೈಲ್ ಬೆಳಕಿನಲ್ಲಿ ಓದುತ್ತ ಕೂತಿದ್ದ. ಕೊಪ್ಪಳದ ಅವನ ಅವ್ವನಿಗೂ ನನಗೂ ಅರ್ಧ ಗಂಟೆಗೊಂದು ಸಂದೇಶ: "ನಾವೆಲ್ಲಾ ಆರಾಮ ಅದೀವಿ."

25ನೇ ದಿನದಿಂದ ಹೊರಳಿಸುವುದು ನಿಲ್ಲಿಸಿ ತಟ್ಟೆಗೆ ನೀರು ತುಂಬಿಸಿದೆವು. ಚಿಪ್ಪಿಗೆ ಮೊದಲ ತೂತು ಬಿದ್ದ ಮೇಲೆ ಮರಿ ಹೊರಬರಲು ಒಂದು ದಿನ, ಒಂದೂವರೆ ದಿನ ಹಿಡಿಯುತ್ತದೆ. ಮುಚ್ಚಳ ತೆರೆದು ಸಹಾಯ ಮಾಡೋಣ ಅನ್ನಿಸುತ್ತದೆ. ತೆರೆದರೆ ತೇವ ಹಾರಿಹೋಗಿ ಪೊರೆ ಒಣಗುತ್ತದೆ. ಕಾಯುವುದೇ ಕೆಲಸ. ಮೇಯಲ್ಲಿ ಹನ್ನೆರಡರಲ್ಲಿ ಏಳು, ಜುಲೈಯಲ್ಲಿ ಒಂಬತ್ತು ಮರಿ ಬಂದವು. ಒಂಬತ್ತನ್ನು ನೋಡಲು ಆಂಟೀಜಿ ಮಂಡಿನೋವಿನಲ್ಲೇ ಎರಡು ಮಹಡಿ ಹತ್ತಿ ಬಂದರು.

ನಾಲ್ಕನೇ ದಿನ ಮರಿಗಳು ನಜಫ್‌ಗಢಕ್ಕೆ ಹೊರಟವು. ತಾಯಿಯ ಗರಿಯ ಎಣ್ಣೆ ಸೋಕದ ಮರಿ ನೀರಿಗಿಳಿದರೆ ನೆನೆದು ನಡುಗುತ್ತದೆ, ಕೆಲವು ವಾರ ಹೊಂಡಕ್ಕೆ ಬಿಡಬೇಡಿ ಅಂತ ಚೀಟಿ ಬರೆದುಕೊಟ್ಟೆ. ಪೆಟ್ಟಿಗೆಯನ್ನು ಸೋಪುನೀರಲ್ಲಿ ಉಜ್ಜಿ, ಸೋಂಕುನಾಶಕ ಒರೆಸಿ ಬಿಸಿಲಿಗಿಟ್ಟಾಯಿತು.

ಮುಂಬೈ, ಪುಣೆ, ಹೈದರಾಬಾದಿನಲ್ಲಿರುವ ನೀವು ಯಾರಾದರೂ ಕೈಹಾಕುವುದಾದರೆ ಬೇರೆ ಊರಿನವರ ತಟ್ಟೆ ಲೆಕ್ಕ ಕೇಳಬೇಡಿ. ಹವಾಮಾನದ ಆ್ಯಪಿನಲ್ಲಿ ಡ್ಯೂ ಪಾಯಿಂಟ್ ನೋಡಿ. ಅದು 10 ಇದ್ದರೆ ನೀರಿಲ್ಲದ ಪೆಟ್ಟಿಗೆಯೊಳಗೆ ಸುಮಾರು 19 ಶೇಕಡಾ, 20 ಇದ್ದರೆ 36, 26 ಇದ್ದರೆ 52. ಉಳಿದದ್ದನ್ನಷ್ಟೇ ನೀವು ತುಂಬಬೇಕು. ಮಳೆಗಾಲದಲ್ಲಿ ಮಾಡಿದರೆ, ರಾತ್ರಿ ಎಚ್ಚರವಿರುವ ಒಬ್ಬರನ್ನು ಗೊತ್ತುಮಾಡಿಕೊಳ್ಳಿ.