ಬೆಲ್ಲದ ಗುಟ್ಟು

"ತಾತ, ಈ ತಿಂಗಳು ಬೆಲ್ಲ ಮುಟ್ಟಿಲ್ಲ ತಾನೇ?" ಎಂದಳು ಮೊಮ್ಮಗಳು. ನನಗೆ ಸಕ್ಕರೆ ಕಾಯಿಲೆ. "ಇಲ್ಲಮ್ಮ" ಎಂದೆ.

"ಬಾಯಿ ಸುಳ್ಳು ಹೇಳಬಹುದು, ರಕ್ತ ಹೇಳದು!" ಎಂದು ನಕ್ಕು, ಕಾಲೇಜಿನಲ್ಲಿ ಕಲಿತದ್ದನ್ನು ವಿವರಿಸಿದಳು. ಇಂಗಾಲದ ನೂರು ಪರಮಾಣುಗಳಲ್ಲಿ ಸುಮಾರು 99 ಕಾರ್ಬನ್-12; ಉಳಿದ ಒಂದು, ತುಸು ಭಾರವಾದ ಕಾರ್ಬನ್-13. ಭತ್ತ, ಗೋಧಿಗಿಂತ ಕಬ್ಬು, ಜೋಳಗಳಲ್ಲಿ ಈ ಭಾರದ ಇಂಗಾಲ ಚೂರು ಹೆಚ್ಚು. ಉಂಡದ್ದು ಮೈಗೂಡಿದಾಗ ಆ ಗುರುತೂ ರಕ್ತ ಸೇರುತ್ತದೆ. ಮೀನಿನ ಗುರುತು ನೈಟ್ರೋಜನ್-15. ದೂರದ ಅಲಾಸ್ಕಾದಲ್ಲಿ ಯೂಪಿಕ್ ಜನರ ಮೀನಿನೂಟವನ್ನು ವಿಜ್ಞಾನಿಗಳು ಹೀಗೆಯೇ ಅಂದಾಜು ಮಾಡಿದ್ದಾರಂತೆ.

"ನಮ್ಮ ರಾಗಿ?" ಎಂದೆ.

"ಅದೂ ಕಬ್ಬಿನ ಗುಂಪಿನದೇ ತಾತ."

"ಹಾಗಾದರೆ ನಾನು ಗೆದ್ದೆ! ಎರಡು ಹೊತ್ತೂ ಮುದ್ದೆ ಉಣ್ಣುವವನ ರಕ್ತದಲ್ಲಿ ಬೆಲ್ಲ ಯಾವುದು, ರಾಗಿ ಯಾವುದು ಅಂತ ಹೇಗೆ ಹೇಳ್ತೀಯ?"

ಅವಳು ಸುಮ್ಮನಾದಳು. ಮುಖದಲ್ಲಿ ನಗುವಿರಲಿಲ್ಲ, ನನ್ನ ಬಗೆಗಿನ ಆತಂಕವಿತ್ತು. ನನಗೇ ನಾಚಿಕೆಯಾಯಿತು. ಜೇಬಿನಲ್ಲಿದ್ದ ಅಚ್ಚುಬೆಲ್ಲದ ಚೂರನ್ನು ತೆಗೆದು ಅವಳ ಕೈಗಿಟ್ಟೆ.

ಯಂತ್ರಕ್ಕೆ ತಿಳಿಯದ್ದನ್ನು ನಾವೇ ಹೇಳಬೇಕಲ್ಲವೇ, ಮಕ್ಕಳೇ?