ಗಾಳಿ ಲೆಕ್ಕ, ಭಾಗ 4: ದೊಡ್ಡ ಬೋರ್ಡೇ ಯಾಕೆ?

ಕ್ಲಾಸಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: "ಎರಡು ಬೋರ್ಡ್ ನೋಡಿ ಬಂದ್ರಲ್ಲ, ಯಾವುದು ಫಿಕ್ಸ್?" ಗೊತ್ತಿಲ್ಲದವರಿಗೆ: ನಾವು ಮೂವರು ತಲಾ 15 ಸಾವಿರ ಹಾಕಿ ಸೆಕೆಂಡ್ ಹ್ಯಾಂಡ್ ವಿಂಡ್‌ಸರ್ಫಿಂಗ್ ಬೋರ್ಡ್ ತಗೊಳ್ತಿದ್ದೇವೆ. ನನ್ನ ಪಾಲು ಎರಡು ವರ್ಷ ಒಂದು ಅಂಗಡಿಗೆ ಜಿಎಸ್‌ಟಿ ಎಂಟ್ರಿ ಮಾಡಿ ಉಳಿಸಿದ ದುಡ್ಡು. ಇನ್ನೊಂದು ತಗೊಳ್ಳುವ ತಾಕತ್ತು ಡಿಗ್ರಿ ಮುಗಿಯುವ ತನಕ ಇಲ್ಲ.

ಮೊದಲು ಗಾಳಿ ನೋಡಿ ಮಾರಾಯ್ರೆ, ಆಮೇಲೆ ಬೋರ್ಡ್. ನಮ್ಮ ಮಂಗಳೂರಲ್ಲಿ ಬೇಸಿಗೆಯ ಮಧ್ಯಾಹ್ನ ಕಡಲಿಂದ ಗಾಳಿ ಬರ್ತದೆ. ನಾವು ಬರೆದಿಟ್ಟ ಲೆಕ್ಕದಲ್ಲಿ ಹೆಚ್ಚಿನ ದಿನ 7ರಿಂದ 12 ನಾಟ್, ಅಂದ್ರೆ ಗಂಟೆಗೆ 13ರಿಂದ 22 ಕಿ.ಮೀ. ಮೀಟರ್ ಬೇಡ, ಅಲೆಗಳ ತಲೆ ಅಲ್ಲಲ್ಲಿ ಬೆಳ್ಳಗಾದ್ರೆ 10ರ ಹತ್ತಿರ ಅಂತ ತಿಳ್ಕೊಳ್ಳಿ. ಜೋರು ಗಾಳಿ ಇರೋದು ಮಳೆಗಾಲದಲ್ಲಿ. ಆಗ ಟ್ರಾಲ್ ಬೋಟುಗಳೇ ದಕ್ಕೆಯಲ್ಲಿ ಕಟ್ಟಿರ್ತವೆ, ನಾವೆಂತ ಇಳಿಯೋದು!

ಮೊದಲನೇ ಬೋರ್ಡ್ 105 ಲೀಟರ್. ಸಪೂರ, ಕಪ್ಪು-ಕೆಂಪು ಪೇಂಟ್, ಫೋಟೋಕ್ಕೆ ಸೂಪರ್. ಎರಡನೇದು 205 ಲೀಟರ್. ಹಳದಿ ತಿರುಗಿದ ಬಾಗಿಲಿನ ಹಾಗೆ ಉಂಟು.

ಈಗ ಲೆಕ್ಕ ಹಾಕಿ. 105 ಲೀಟರ್ ಬೋರ್ಡನ್ನು ನೀರು ಎತ್ತಿ ಹಿಡಿಯೋದು ಹೆಚ್ಚುಕಮ್ಮಿ 105 ಕೆ.ಜಿ. ನಮ್ಮಲ್ಲಿ ದಪ್ಪದವನು 74, ಹಾಯಿ-ಕಂಬ ಸೇರಿ 10, ಬೋರ್ಡ್ ತೂಕವೇ 8. ಉಳಿದದ್ದು 13. ಸ್ವಲ್ಪ ಒಂದು ಬದಿಗೆ ವಾಲಿದ್ರೂ ಅಂಚು ಮುಳುಗ್ತದೆ. ಅಂಥ ಬೋರ್ಡ್ ನಿಲ್ಲೋದು ವೇಗದಿಂದ. ನೀರನ್ನು ಸೀಳೋದು ಬಿಟ್ಟು ನೀರ ಮೇಲೆ ಜಾರಬೇಕು, ಅದಕ್ಕೆ ಪ್ಲೇನಿಂಗ್ ಅಂತಾರೆ. ಅವನ ತೂಕಕ್ಕೆ ಅದು ಆಗ್ಬೇಕಾದ್ರೆ 15 ನಾಟ್ ಆದ್ರೂ ಬೇಕು. ದೊಡ್ಡದರಲ್ಲಿ ಉಳಿಯೋದು ನೂರು ಕೆ.ಜಿ. ಮೇಲೆ. ಗಾಳಿ ಸತ್ತರೂ ನಿಂತಿರಬಹುದು.

ಆದ್ರೆ ನನ್ನನ್ನು ಒಪ್ಪಿಸಿದ್ದು ಲೀಟರ್ ಅಲ್ಲ, ಅದರ ನಡುವಿನ ಡ್ಯಾಗರ್‌ಬೋರ್ಡ್. ಸೀಳಿನಿಂದ ಕೆಳಗೆ ಇಳಿಸುವ ಹಲಗೆ ಅದು. ಮೆಲ್ಲ ಹೋಗುವಾಗ ಹಿಂದಿನ ಚಿಕ್ಕ ಫಿನ್ ಒಂದೇ ಸಾಲೋದಿಲ್ಲ, ಬೋರ್ಡ್ ಅಡ್ಡಡ್ಡ ಜಾರ್ತದೆ. ವಾಯುವ್ಯದ ಗಾಳಿಗೆ ಪಣಂಬೂರಲ್ಲಿ ಇಳಿದವ ತಣ್ಣೀರುಬಾವಿ ಕಡೆ ಹತ್ತಿ, ಬೋರ್ಡ್ ಹೊತ್ತು ನಡೀಬೇಕು. ಡ್ಯಾಗರ್ ಇಳಿಸಿದ್ರೆ ಗಾಳಿಗೆ ಓರೆಯಾಗಿ, ಅತ್ತಿತ್ತ ತಿರುಗಿಸಿ, ಹೊರಟ ಜಾಗಕ್ಕೇ ಬರಬಹುದು. ಅಮ್ಮ ಒಪ್ಪಿದ್ದು ಈ ಒಂದು ಮಾತಿಗೆ. ಹಾಗಂತ ಬೆಳಿಗ್ಗೆ ನೆಲದಿಂದ ಕಡಲಿಗೆ ಬೀಸುವ ಗಾಳಿಗೆ ಯಾವ ಬೋರ್ಡಲ್ಲೂ ಇಳಿಯೋದು ಬೇಡ.

"ದೊಡ್ಡದು ಮಕ್ಕಳ ಬೋರ್ಡ್" ಅಂತ ನಗುವವರಿಗೆ: ಬೀಜಿಂಗ್ 2008ರಿಂದ ಟೋಕಿಯೊ ತನಕ ಒಲಿಂಪಿಕ್ಸಲ್ಲಿ ಓಡಿದ ಆರ್‌ಎಸ್‌ಎಕ್ಸ್ ಬೋರ್ಡ್ 93 ಸೆಂ.ಮೀ. ಅಗಲ, ಡ್ಯಾಗರ್ ಸಮೇತ.

ನಿಮ್ಮಲ್ಲಿ ದಿನಾ 12-15 ನಾಟ್ ಸಿಗ್ತದಾ, ಬ್ಯಾಲೆನ್ಸ್ ಬಂದಿದೆಯಾ? ಆಗ 130-150 ಲೀಟರ್, 75-80 ಸೆಂ.ಮೀ. ಅಗಲದ್ದು ನೋಡಿ, ಜೊತೆಗೆ 7 ಚದರ ಮೀಟರ್ ಆಸುಪಾಸಿನ ಹಾಯಿ. ಅದರ ಮಜಾ ಬೇರೆಯೇ. ನಮಗೆ ಈಗಲೇ ಅಲ್ಲ.

ಶನಿವಾರ ಮತ್ತೆ ನೋಡ್ಲಿಕ್ಕೆ ಹೋಗ್ತೇವೆ. ಕಾಲಿಡುವ ಜಾಗ ಹೆಬ್ಬೆರಳಲ್ಲಿ ಒತ್ತಿದ್ರೆ ಮೆತ್ತಗೆ ಇರಬಾರದು, ಡ್ಯಾಗರ್ ಸಲೀಸಾಗಿ ಮೇಲೆ ಕೆಳಗೆ ಆಗ್ಬೇಕು. ಒಳಗೆ ನೀರು ಕುಡಿದಿದ್ರೆ ತೂಕ ಹೇಳ್ತದೆ. ಹಾಗಾಗಿ ಯಾರ ಮನೆಯಲ್ಲಾದ್ರೂ ತೂಕದ ಮಿಷಿನ್ ಇದ್ರೆ ಶುಕ್ರವಾರದೊಳಗೆ ಮೆಸೇಜ್ ಹಾಕಿ.