ಹಾಡು ಕೇಳಿದ ಮೇಲಿನ ಇಂಗ್ಲಿಷು

ಕಚೇರಿ ಮುಗಿಸಿ ಹೊರಗೆ ಬಂದವರ ಮಾತು ಕೇಳುವುದೆಂದರೆ ನನಗೆ ಕಚೇರಿಯಷ್ಟೇ ಇಷ್ಟ. ಮೊದಲು ಬರುವುದು ಆಹಾ, ಭೇಷ್. ಧಾರವಾಡದ ಕಡೆಯವರಾದರೆ 'ಏನ್ ಹಾಡಿದ್ರಪಾ!' ಕಾಫಿ ಲೋಟ ಕೈಗೆ ಬಂತೆಂದರೆ ಮಾತು ಬಿಚ್ಚಿಕೊಳ್ಳುತ್ತದೆ. ತಾರಸ್ಥಾಯಿಗೆ ಹೋದಾಗ ಶ್ರುತಿ ಕೂದಲೆಳೆಯಷ್ಟು ಇಳಿಯಿತು, ತನಿ ಆವರ್ತನದಲ್ಲಿ ಕಾಲಪ್ರಮಾಣ ಓಡಿತು, ಪಿಟೀಲಿನವರು ಅನುಸರಿಸಿದ್ದು ಬಹಳ ಹದವಾಗಿತ್ತು ಎಂದು ಎಳೆ ಎಳೆಯಾಗಿ ಬಿಡಿಸುತ್ತಾರೆ. ಇವರನ್ನೇ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿ ಎಂದು ಕೇಳಿದರೆ 'ವೆರಿ ನೈಸ್' ಎಂದು ಸುಮ್ಮನಾಗುತ್ತಾರೆ. ಇಷ್ಟು ಸೂಕ್ಷ್ಮವಾದ ಕಿವಿ ಇದ್ದವರು ಹೇಳಲು ಪದವಿಲ್ಲದೆ ಹಿಂದೆ ಸರಿಯುವುದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಕೇಳುವುದು ಕಷ್ಟದ ಕೆಲಸ, ಅದನ್ನು ಅವರು ಆಗಲೇ ಮಾಡಿ ಮುಗಿಸಿದ್ದಾರೆ. ಉಳಿದಿರುವುದು ಹೆಸರು ಹಚ್ಚುವ ಕೆಲಸವಷ್ಟೆ.

ಈಚೆಗೆ ಇದರ ಬಗ್ಗೆ ಹೆಚ್ಚು ಯೋಚಿಸುವಂತಾದದ್ದು ನನ್ನ ತಂಗಿಯ ಮಗಳಿಂದ. ಹಾಸನದಲ್ಲಿ ಕನ್ನಡ ಶಾಲೆಗೆ ಹೋದ ಹುಡುಗಿ, ಕರ್ನಾಟಕ ಸಂಗೀತದ ಜೂನಿಯರ್ ಪರೀಕ್ಷೆ ಪಾಸು ಮಾಡಿಕೊಂಡವಳು. ಈಗ ಬೆಂಗಳೂರಿನಲ್ಲಿ ನಮ್ಮ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಾಳೆ, ಸಂಜೆ ಪಿಯಾನೋ ಪಾಠ. ಲಂಡನ್ನಿನ ಅಸೋಸಿಯೇಟೆಡ್ ಬೋರ್ಡ್‌ನವರು, ಅಂದರೆ 1889ರಲ್ಲಿ ಶುರುವಾದ, ಸಂಗೀತ ಪರೀಕ್ಷೆ ನಡೆಸುವ ಸಂಸ್ಥೆಯವರು, ತಮ್ಮ ಪ್ರಾಯೋಗಿಕ ಪರೀಕ್ಷೆಯಲ್ಲಿ ಕಿವಿಗೂ ಒಂದು ಪಾಲು ಇಟ್ಟಿದ್ದಾರೆ. ಪರೀಕ್ಷಕರು ಒಂದು ಚಿಕ್ಕ ತುಣುಕು ನುಡಿಸುತ್ತಾರೆ, ಆಮೇಲೆ ಅದರ ಬಗ್ಗೆ ಕೇಳುತ್ತಾರೆ. ಮೊದಲ ಗ್ರೇಡಿನಲ್ಲಿ ದನಿ ಎಲ್ಲಿ ಜೋರು, ಎಲ್ಲಿ ಮೆತ್ತಗೆ, ಬದಲಾದದ್ದು ನಿಧಾನವಾಗಿಯೋ ಥಟ್ಟನೆಯೋ, ಸ್ವರಗಳು ಕೂಡಿಕೊಂಡು ಬಂದವೋ ಬಿಡಿ ಬಿಡಿಯಾಗಿಯೋ ಎಂಬಷ್ಟೆ. ಗ್ರೇಡು ಏರಿದಂತೆ ವೇಗ, ಮೇಜರ್ ಅಥವಾ ಮೈನರ್, ಭಾವ, ಕೊನೆಗೆ ಇದು ಯಾವ ಕಾಲದ ಶೈಲಿ ಎಂಬಲ್ಲಿಗೆ ಬರುತ್ತಾರೆ. ಬಾಯಿಬಿಟ್ಟು ಹೇಳಬೇಕು, ಇಂಗ್ಲಿಷಿನಲ್ಲಿ.

"ನಂಗೆ ಎಲ್ಲಾ ಕೇಳ್ಸತ್ತೆ ದೊಡ್ಡಮ್ಮ, ಹೇಳಕ್ಕೆ ಬರಲ್ಲ," ಎಂದಳು. ಗೋಡೆಗೆ ಒಂದು ಉದ್ದದ ಪಟ್ಟಿ ಅಂಟಿಸಿಕೊಂಡಿದ್ದಳು: ಡೈನಾಮಿಕ್ಸ್, ಆರ್ಟಿಕ್ಯುಲೇಷನ್, ಟೆಕ್ಸ್ಚರ್, ಟಿಂಬರ್. ಎದುರಿಗೆ ಕನ್ನಡ ಅರ್ಥ. ಎಲ್ಲ ಬಾಯಿಪಾಠ. ಆದರೆ ಸಂಗೀತ ಹಾಕಿದ ಕೂಡಲೇ ಒಂದು ಪದವೂ ಹೊರಗೆ ಬರುತ್ತಿರಲಿಲ್ಲ. ಬಾಯಿಪಾಠ ಮಾಡುವಾಗ ಕಿವಿಗೆ ಕೆಲಸವೇ ಇರಲಿಲ್ಲವಲ್ಲ!

ಪಟ್ಟಿ ತೆಗೆಸಿಹಾಕಿ, ಇಬ್ಬರೂ ಬೇಥೋವನ್‌ನ 'ಫ್ಯುರ್ ಎಲೀಸ್' ಹಾಕಿಕೊಂಡು ಕೂತೆವು. ಹೆಸರು ತಿಳಿಯದವರಿಗೂ ಆ ಧಾಟಿ ಗೊತ್ತು. ನಮ್ಮ ಬೀದಿಗಳಲ್ಲಿ ಕಾರು ರಿವರ್ಸ್ ತೆಗೆಯುವಾಗ ಕಿಣಿಕಿಣಿ ಎಂದು ಕೇಳಿಬರುತ್ತಿದ್ದದ್ದು ಅದೇ. ಬರೆದದ್ದು 1810ರಲ್ಲಿ, ಅಚ್ಚಾಗಿ ಹೊರಬಂದದ್ದು ಬೇಥೋವನ್ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1867ರಲ್ಲಿ. ಕಾರಿನ ಪೀಪಿಯಲ್ಲಿ ಕೇಳಿದವರು ಪಿಯಾನೋದಲ್ಲಿ ಒಮ್ಮೆ ಕೇಳಲೇಬೇಕು, ಎಷ್ಟು ಮೃದುವಾದ ಕೃತಿ ಅದು!

"ಮೊದಲು ಕನ್ನಡದಲ್ಲೇ ಹೇಳು," ಎಂದೆ.

"ಮೆತ್ತಗೆ ಶುರುವಾಗತ್ತೆ. ಕೀರವಾಣಿ ಥರ ಇದೆ, ಆದ್ರೆ ಶುರುವಲ್ಲೇ ಪಂಚಮದಿಂದ ಪ್ರತಿಮಧ್ಯಮಕ್ಕೆ ಹೋಗ್ ಹೋಗ್ ಬರತ್ತೆ. ಆಮೇಲೆ ಕೆಳಗಿಳಿಯೋವಾಗ ಶುದ್ಧ ಮಧ್ಯಮ."

ಇದಕ್ಕಿಂತ ಒಳ್ಳೆಯ ಉತ್ತರವನ್ನು ಯಾವ ಪರೀಕ್ಷಕರು ಕೇಳಿಯಾರು? ಕೀರವಾಣಿಯ ಸ್ವರಗಳೇ ಅವರ ಹಾರ್ಮೋನಿಕ್ ಮೈನರ್. ಆದ್ದರಿಂದ ಇದು ಮೈನರ್, ಎ ಮೈನರ್. ಪಂಚಮಕ್ಕೂ ಪ್ರತಿಮಧ್ಯಮಕ್ಕೂ ನಡುವಿನ ಆ ಸಣ್ಣ ಅಂತರಕ್ಕೆ ಸೆಮಿಟೋನ್ ಎನ್ನುತ್ತಾರೆ. ಮೆತ್ತಗೆ ಎಂದದ್ದು ಸಾಫ್ಟ್, ಇಲ್ಲವೆ ಕ್ವಯಟ್. ಅಚ್ಚಿನ ಪ್ರತಿಯಲ್ಲಿ ಅದಕ್ಕೆ ಎರಡು 'ಪಿ' ಬರೆದಿರುತ್ತದೆ, ಪಿಯಾನಿಸ್ಸಿಮೋ. ನಡುವೆ ಹಗುರವಾದ ಒಂದು ಭಾಗ ಬರುತ್ತದೆ, ಅದು ಮೇಜರ್. ಇನ್ನೊಂದು ಕಡೆ ಎಡಗೈ ಒಂದೇ ಸ್ವರವನ್ನು ಬಿಡದೆ ಬಡಿಯುತ್ತಿರುವಾಗ ಮೇಲೆ ಆತಂಕ ಕಟ್ಟುತ್ತದೆ. ಅದಕ್ಕೆ ಟೆನ್ಸ್ ಎಂದರೆ ಸಾಕು. ದನಿ ಬೆಳೆಯುತ್ತಾ ಹೋದರೆ ಕ್ರೆಶೆಂಡೋ, 'ಗೆಟಿಂಗ್ ಲೌಡರ್' ಎಂದರೂ ನಡೆಯುತ್ತದೆ. ಪ್ರತಿ ಸಲ ಶುರುವಿನ ಧಾಟಿಗೇ ಮರಳುತ್ತದಲ್ಲ, ಚರಣವಾದ ಮೇಲೆ ಪಲ್ಲವಿಗೆ ಬಂದಂತೆ, ಆ ಕಟ್ಟಡಕ್ಕೆ ರೊಂಡೋ ಎಂದು ಹೆಸರು. ಒಂದು ಸಂಜೆಯಲ್ಲಿ ಇಷ್ಟು ಪದ ಬಂತು. ಒಂದನ್ನೂ ಆಮೇಲೆ ಅವಳು ಮರೆಯಲಿಲ್ಲ, ಏಕೆಂದರೆ ಪ್ರತಿ ಪದದ ಹಿಂದೆಯೂ ಒಂದು ದನಿ ಇತ್ತು. ನಾನು ಹೇಳಬೇಕೆಂದಿರುವುದೂ ಇದನ್ನೇ: ಸಂಗೀತದ ಪದ ಪುಸ್ತಕದಿಂದ ಕಿವಿಗೆ ಹೋಗುವುದಿಲ್ಲ, ಕಿವಿಯಿಂದಲೇ ಬಾಯಿಗೆ ಬರಬೇಕು.

ಕರ್ನಾಟಕ ಸಂಗೀತ ಕಲಿತವರಿಗೆ ಅರ್ಧ ದಾರಿ ಆಗಲೇ ಸವೆದಿದೆ ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡಿದ ಮಗುವನ್ನು ನೋಡಿ. ಮೊದಲ ಕಾಲದಲ್ಲಿ ಒಂದು ಎಣಿಕೆಗೆ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಆ ಎಣಿಕೆಯನ್ನೇ ಬೀಟ್ ಎಂದುಕೊಂಡರೆ ಲಂಡನ್ನಿನವರ ಕ್ರಾಚೆಟ್, ಕ್ವೇವರ್, ಸೆಮಿಕ್ವೇವರ್ ಇವೇ. ಅಮೆರಿಕದವರು ಅದನ್ನೇ ಕ್ವಾರ್ಟರ್, ಎಯ್ತ್, ಸಿಕ್ಸ್‌ಟೀಂತ್ ನೋಟ್ ಎನ್ನುತ್ತಾರೆ. ಲಂಡನ್ನಿನ ಬಾರ್ ಅಮೆರಿಕದಲ್ಲಿ ಮೆಷರ್ ಆಗುತ್ತದೆ. ಪರೀಕ್ಷೆ ಲಂಡನ್ನಿನದು, ಯೂಟ್ಯೂಬ್ ಪಾಠ ಅಮೆರಿಕದ್ದು ಎಂದಾದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಶ್ರುತಿಯದೂ ಹಾಗೆಯೇ. ನಮ್ಮಲ್ಲಿ ಒಂದು ಮನೆ, ಒಂದೂವರೆ ಮನೆ, ಐದೂವರೆ ಮನೆ ಎನ್ನುತ್ತೇವೆ. ಒಂದೆಂದರೆ ಸಿ, ಒಂದೂವರೆ ಎಂದರೆ ಸಿ ಶಾರ್ಪ್, ಐದೂವರೆ ಜಿ ಶಾರ್ಪ್. ಮನೆಯ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯ ಮೇಲೆ ಈ ಅಕ್ಷರಗಳೇ ಇರುತ್ತವೆ. ದಿನಾ ತಿರುಗಿಸುವ ಗುಂಡಿಯನ್ನು ಓದಿಕೊಂಡರೆ ಒಂದು ಪಾಠವೇ ಆಯಿತು. ಶಾರ್ಪ್, ಫ್ಲ್ಯಾಟ್ ಎಂಬ ಮಾತುಗಳಿಗೆ ಇನ್ನೊಂದು ಬಳಕೆಯೂ ಉಂಟು: ಹಾಡುವವರ ಸ್ವರ ಇರಬೇಕಾದದ್ದಕ್ಕಿಂತ ಏರಿದರೆ ಶಾರ್ಪ್, ಇಳಿದರೆ ಫ್ಲ್ಯಾಟ್. ತಾಳ ಎಳೆದರೆ ಡ್ರ್ಯಾಗಿಂಗ್, ಓಡಿದರೆ ರಶಿಂಗ್. ಹೊಗಳುವ ಪದಗಳಿಗಿಂತ ಮೊದಲು ಈ ನಾಲ್ಕನ್ನು ಕಲಿಯಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಜೊತೆಯಲ್ಲಿ ನುಡಿಸುವವರೊಡನೆ ಅಭ್ಯಾಸಕ್ಕೆ ಕೂತಾಗ ಬೇಕಾಗುವುದು ಇವೇ.

ನಮ್ಮವರು ಎಡವುವ ಜಾಗವೊಂದಿದೆ. ಏರು ದನಿ ಎಂದಾಗ ಕನ್ನಡದಲ್ಲಿ ಜೋರು ದನಿಯೂ ಬರುತ್ತದೆ, ಮೇಲಿನ ಸ್ಥಾಯಿಯೂ ಬರುತ್ತದೆ. ಇಂಗ್ಲಿಷಿನಲ್ಲಿ ಹೈ ಬೇರೆ, ಲೌಡ್ ಬೇರೆ. ತಂಬೂರಿ ಮಂದ್ರದಲ್ಲಿ ಗಟ್ಟಿಯಾಗಿ ಮೊಳಗಿದರೆ ಅದು ಲೋ ಮತ್ತು ಲೌಡ್. ಮಗು ಮೇಲಿನ ಷಡ್ಜವನ್ನು ಪಿಸುದನಿಯಲ್ಲಿ ಹಿಡಿದರೆ ಹೈ ಮತ್ತು ಸಾಫ್ಟ್. ಹಾಡಿ ತೋರಿಸಿದರೆ ಕ್ಷಣದಲ್ಲಿ ಗೊತ್ತಾಗುವುದು ವಿವರಿಸಿದರೆ ಗಂಟೆಯಾದರೂ ಗೊತ್ತಾಗದು.

ಅಂದಹಾಗೆ, ಇಂಗ್ಲಿಷ್ ಸಂಗೀತದ ಮಾತು ನಮ್ಮ ಮನೆಗಳಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಬ್ಯಾಂಡಿನವರ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿದಾಗ ಆ ರಚನೆಗಳು ನೋಟುಸ್ವರಗಳೆಂದೇ ಹೆಸರಾದವು. ಎಲ್ಲವೂ ಶಂಕರಾಭರಣದಲ್ಲಿ, ಅಂದರೆ ಅವರ ಮೇಜರ್ ಸ್ಕೇಲಿನಲ್ಲಿ. ದೀಕ್ಷಿತರ ತಮ್ಮ ಬಾಲುಸ್ವಾಮಿಯವರು ವಯೊಲಿನ್ ಕಲಿತು ನಮ್ಮ ಕಚೇರಿಗೆ ತಂದರು. ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದ ಮುತ್ತಯ್ಯ ಭಾಗವತರ 'ಇಂಗ್ಲಿಷ್ ನೋಟ್' ಕಚೇರಿಯ ಕೊನೆಯಲ್ಲಿ ಇವತ್ತಿಗೂ ಕೇಳಿಬರುತ್ತದೆ. ಮೈಸೂರಿನ ಪೊಲೀಸ್ ವಾದ್ಯವೃಂದದಲ್ಲಿ ಕರ್ನಾಟಕ ಬ್ಯಾಂಡ್, ಇಂಗ್ಲಿಷ್ ಬ್ಯಾಂಡ್ ಎಂದು ಎರಡು ತಂಡಗಳೇ ಇವೆ.

ಎರಡು ಸಂಗೀತದ ಮಾತೂ ಬಲ್ಲವರೆಂದರೆ ನನಗೆ ನೆನಪಾಗುವುದು ಜಯಚಾಮರಾಜ ಒಡೆಯರು. ಒಂದು ಕಡೆ ಮೈಸೂರು ವಾಸುದೇವಾಚಾರ್ಯರಲ್ಲಿ ಪಾಠ, ತೊಂಬತ್ತಕ್ಕೂ ಹೆಚ್ಚು ಕೃತಿಗಳ ರಚನೆ. ಇನ್ನೊಂದು ಕಡೆ ಪಿಯಾನೋ. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಟ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ಧ್ವನಿಮುದ್ರಿಸುವುದಕ್ಕೆ ಹಣ ಕೊಟ್ಟವರು ಇವರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಚೆರ್ಟೋವನ್ನು ಇವರಿಗೇ ಅರ್ಪಿಸಿದರು. ರಿಚರ್ಡ್ ಸ್ಟ್ರೌಸ್ ಅವರ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಕೇಳಿಬಂದದ್ದೂ ಒಡೆಯರ ನೆರವಿನಿಂದಲೇ. ಕೀರವಾಣಿ ಗೊತ್ತಿದ್ದ ಕಿವಿಗೆ ಮೆಟ್ನರ್ ಹೇಗೆ ಕೇಳಿಸಿದ್ದಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಆದರೆ ನಮ್ಮ ಸಂಗೀತದಿಂದ ಸುಲಭವಾಗಿ ದಾಟಲಾಗದ ಜಾಗವೂ ಇದೆ, ಅಲ್ಲಿ ನಿಂತು ಕಲಿಯಬೇಕು. ಅದು ಹಾರ್ಮನಿ. ನಮ್ಮಲ್ಲಿ ಒಂದು ಸ್ವರದ ಬೆನ್ನಿಗೆ ಇನ್ನೊಂದು, ಕೆಳಗೆ ಶ್ರುತಿ. ಅವರಲ್ಲಿ ಹಲವು ಸ್ವರಗಳು ಒಟ್ಟಿಗೆ ನಿಲ್ಲುತ್ತವೆ, ನಿಂತು ಒಟ್ಟಿಗೆ ನಡೆಯುತ್ತವೆ. ಇದಕ್ಕೆ ಅಟ್ಟದ ಮೇಲಿದ್ದ ಹಾರ್ಮೋನಿಯಂ ಇಳಿಸಿ, ಧೂಳು ಒರೆಸಿ, ತಿದಿ ಒತ್ತುತ್ತಾ ತೋರಿಸಿದೆ. ಷಡ್ಜ, ಅಂತರ ಗಾಂಧಾರ, ಪಂಚಮ ಮೂರೂ ಒಟ್ಟಿಗೆ ಒತ್ತಿದರೆ ಮೇಜರ್ ಕಾರ್ಡ್. ನಡುಬೆರಳನ್ನು ಮಾತ್ರ ಪಕ್ಕದ ಕರಿಮನೆಗೆ, ಸಾಧಾರಣ ಗಾಂಧಾರಕ್ಕೆ, ಇಳಿಸಿದರೆ ಮೈನರ್. ಒಂದು ಬೆರಳು ಒಂದು ಮನೆ ಸರಿದದ್ದಕ್ಕೆ ಇಡೀ ದನಿಯ ಮುಖವೇ ಬದಲಾಗುತ್ತದೆ. ಹುಡುಗಿ ಮತ್ತೆ ಮತ್ತೆ ಒತ್ತಿ ನೋಡಿದಳು. ಅದೇ ಮೂರು ಸ್ವರಗಳನ್ನು ಒಂದಾದ ಮೇಲೊಂದು ಬಿಡಿಸಿ ನುಡಿಸಿದರೆ ಬ್ರೋಕನ್ ಕಾರ್ಡ್. 'ಫ್ಯುರ್ ಎಲೀಸ್'ನಲ್ಲಿ ಎಡಗೈ ಶುರುವಿನಿಂದಲೂ ಮಾಡುತ್ತಿರುವುದು ಇದನ್ನೇ.

ಸಿನಿಮಾ ಹಾಡುಗಳಿಂದ ನಮಗೆ ಬಂದಿರುವ ಪದಗಳನ್ನು ಸ್ವಲ್ಪ ಎಚ್ಚರದಿಂದ ಬಳಸಬೇಕು. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ ಎಂದರೆ ಇಬ್ಬರು ಮೂವರು ಗಾಯಕರು, ಕೀಬೋರ್ಡ್, ರಿದಂ ಪ್ಯಾಡ್; ಲಂಡನ್ನಿನವರ ಬಾಯಲ್ಲಿ ಆ ಮಾತಿಗೆ ಎಂಬತ್ತು ತೊಂಬತ್ತು ಜನ ವಾದ್ಯಗಾರರು. ಕೋರಸ್ ಎಂದರೆ ನಮ್ಮ ಸ್ಟುಡಿಯೋದಲ್ಲಿ ಹಿಂದೆ ನಿಂತು ಹಾಡುವ ಗುಂಪು. ಇಂಗ್ಲಿಷ್ ಹಾಡುಗಳಲ್ಲಿ ಮತ್ತೆ ಮತ್ತೆ ಬರುವ ಪಲ್ಲವಿಗೂ ಅದೇ ಹೆಸರು, ಚರಣಕ್ಕೆ ವರ್ಸ್.

ಇನ್ನು ದನಿಯ ಬಣ್ಣಕ್ಕೆ ಬಂದರೆ ಕನ್ನಡ ಶ್ರೀಮಂತ. ಕಂಚಿನ ಕಂಠ, ಗೊಗ್ಗರು, ಕೀರಲು, ಗಡಸು, ಇಂಪು. ಇಂಗ್ಲಿಷಿನಲ್ಲಿ ಬ್ರೈಟ್, ವಾರ್ಮ್, ಮೆಲೋ, ನೇಸಲ್, ಶ್ರಿಲ್, ಹಸ್ಕಿ ಇವೆ. ಒಂದಕ್ಕೊಂದು ಜೋಡಿ ಕಟ್ಟಲು ಹೋಗಬಾರದು. ಕೊಳಲು, ಶಹನಾಯಿ, ಸೆಲ್ಲೋ ಮೂರನ್ನೂ ಒಂದೊಂದು ನಿಮಿಷ ಕೇಳಿ, ಆ ಪದಗಳಲ್ಲಿ ಯಾವುದು ಒಪ್ಪುತ್ತದೆ ಎಂದು ಜಗಳ ಆಡಬೇಕು. ನಾವು ಆಡುತ್ತೇವೆ. ಸೆಲ್ಲೋಗೆ ವಾರ್ಮ್ ಎಂಬಲ್ಲಿ ಮಾತ್ರ ಇಬ್ಬರಿಗೂ ಒಮ್ಮತ.

ಈ ಕಲಿಕೆಯ ಇನ್ನೊಂದು ತುದಿಯಲ್ಲಿ ನಮ್ಮ ಸಂಗೀತದ ಮೇಷ್ಟ್ರುಗಳಿದ್ದಾರೆ, ಅವರ ಕಷ್ಟ ಹೆಚ್ಚು. ಮಲ್ಲೇಶ್ವರ, ಜಯನಗರದ ಮನೆಗಳಲ್ಲಿ ಬೆಳಗಿನ ಜಾವಕ್ಕೇ ಕಂಪ್ಯೂಟರ್ ಮುಂದೆ ಕೂತು ಅಮೆರಿಕದ ಕನ್ನಡ ಮಕ್ಕಳಿಗೆ ಪಾಠ ಹೇಳುವವರು ಎಷ್ಟೋ ಜನ. ಆ ಮಕ್ಕಳಿಗೆ ಕನ್ನಡ ಅರ್ಥವಾದರೂ ಸೂಕ್ಷ್ಮವನ್ನು ಇಂಗ್ಲಿಷಿನಲ್ಲೇ ಹೇಳಬೇಕು. ತೋಡಿಯ ಗಾಂಧಾರವನ್ನು ಹೇಗೆ ಹೇಳುವುದು? ಶೇಕ್ ಎಂದರೆ ಮಗು ಗಂಟಲು ನಡುಗಿಸುತ್ತದೆ. ವೈಬ್ರಾಟೋ ಎಂದರೆ ಪಿಟೀಲು ಕಲಿತ ಮಗು ಸ್ವರದ ಆಸುಪಾಸಿನಲ್ಲೇ ಸಣ್ಣಗೆ ಅಲುಗಾಡಿಸಿ ನಿಲ್ಲುತ್ತದೆ. ನನಗೆ ಗೊತ್ತಿರುವ ಒಬ್ಬ ಅಮ್ಮ ಹೀಗೆ ಹೇಳಿಕೊಡುತ್ತಾರೆ: ಗಮಕ ಎಂಬ ಪದವನ್ನು ಹಾಗೇ ಇಡುತ್ತಾರೆ, ಬದಲಿ ಹುಡುಕುವುದಿಲ್ಲ. ಆಮೇಲೆ ಸಣ್ಣ ಸಣ್ಣ ಇಂಗ್ಲಿಷ್ ಮಾತು: ಲೀನ್ ಡೌನ್ ಟುವರ್ಡ್ಸ್ ರಿ, ಸ್ವಿಂಗ್ ಅಪ್ ಟುವರ್ಡ್ಸ್ ಮ, ಸ್ಲೋಲಿ, ಡೋಂಟ್ ಸ್ಟಾಪ್ ಆನ್ ಗ. ಹೇಳುತ್ತಲೇ ಕೈಯಲ್ಲಿ ಆ ತೂಗನ್ನು ಬರೆಯುತ್ತಾರೆ, ಒಮ್ಮೆ ಹಾಡುತ್ತಾರೆ, ಮಗುವಿನಿಂದ ಹಾಡಿಸುತ್ತಾರೆ. ರಾಗಕ್ಕೆ ಸ್ಕೇಲ್ ಎಂದು ಅವರು ಯಾವತ್ತೂ ಅಂದದ್ದಿಲ್ಲ. ಸ್ಕೇಲ್ ಎಂದರೆ ಏರುವ ಇಳಿಯುವ ಮೆಟ್ಟಿಲಷ್ಟೆ, ತೋಡಿ ಅದರಲ್ಲಿ ಸಿಗುವುದಿಲ್ಲ ಎಂಬುದು ಅವರ ಖಚಿತ ಅಭಿಪ್ರಾಯ, ನನ್ನದೂ ಅದೇ. ಇಂಥವರು ದಿನಾ ಪಾಠದಲ್ಲಿ ಆಡುವ ಈ ಇಂಗ್ಲಿಷನ್ನು ಯಾರಾದರೂ ಕೂತು, ಕೇಳಿ, ಧ್ವನಿಯ ಸಮೇತ ಸಂಗ್ರಹಿಸಿದರೆ ಇಲ್ಲಿಯ ಮಕ್ಕಳಿಗೂ ಅಲ್ಲಿಯ ಮಕ್ಕಳಿಗೂ ಒಳ್ಳೆಯ ಕೈಪಿಡಿಯಾಗುತ್ತದೆ. ತಂಗಿಯ ಮಗಳಿಗೆ ಪರೀಕ್ಷೆ ಮುಗಿಯಲಿ, ಆ ಅಮ್ಮನ ಅಪ್ಪಣೆ ಕೇಳಿ ಅವರ ಒಂದೆರಡು ಪಾಠಗಳನ್ನಾದರೂ ರೆಕಾರ್ಡ್ ಮಾಡಿಕೊಂಡು ಬಾ ಎಂದು ಅವಳಿಗೇ ಹೇಳಿದ್ದೇನೆ.